ಎಲೆ ಉದುರಿದ ಮರ ಸತ್ತಿದೆಯೇ? ಕಡಿಸುವ ಮುಂಚೆ ಹೀಗೆ ನೋಡಿ

ಮಾಗಿ ಮುಗಿಯುತ್ತಿದ್ದಂತೆ ಅಂಗಳದ ತುಂಬ ತರಗೆಲೆ. ಕಾಡುಬಾದಾಮಿಯ ಎಲೆ ಕೆಂಪಾಗಿ ಉದುರುತ್ತದೆ, ಹೊಂಗೆ ಬೋಳಾಗುತ್ತದೆ. 'ಮರ ಒಣಗಿಹೋಯ್ತು, ಕಡಿಸಿಬಿಡಿ' ಎಂದು ಯಾರಾದರೂ ಹೇಳುವುದೂ ಆಗಲೇ. ದಯವಿಟ್ಟು ಸ್ವಲ್ಪ ತಡೆಯಿರಿ. ಯುಗಾದಿ ಹೊತ್ತಿಗೆ ಅದೇ ಹೊಂಗೆ ಮಿರಮಿರ ಮಿಂಚುವ ಎಳೆ ಎಲೆ ಹೊದ್ದು ನಿಂತಿರುತ್ತದೆ.

ಮೊದಲು ಉಗುರಿನ ಪರೀಕ್ಷೆ. ಪೆನ್ಸಿಲ್ ದಪ್ಪದ ರೆಂಬೆಯ ತೊಗಟೆಯನ್ನು ಸುಮ್ನೆ ಉಗುರಲ್ಲಿ ಕೆರೆಯಿರಿ. ಒಳಗೆ ಹಸಿರಾಗಿ, ಒದ್ದೆಯಾಗಿ ಕಂಡರೆ ಜೀವ ಇದೆ. ಕಂದಾಗಿ ಒಣಗಿದ್ದರೆ ಸತ್ತಿರುವುದು ಆ ರೆಂಬೆ ಮಾತ್ರ ಇರಬಹುದು. ಕೆಳಗಿನ ಕೊಂಬೆಗಳನ್ನೂ ನಾಲ್ಕೈದು ಕಡೆ ಕೆರೆದು ನೋಡಿ.

ಆಮೇಲೆ ಬುಡ ನೋಡಿ. ಅಣಬೆ ಎದ್ದಿದೆಯೇ? ಕಾಂಡ ತಟ್ಟಿದರೆ ಟೊಳ್ಳು ಸದ್ದೇ? ಮರ ವಾಲಿ, ಬುಡದ ಮಣ್ಣು ಬಿರುಕು ಬಿಟ್ಟಿದೆಯೇ? ಇಂಥ ಮರ ಏಪ್ರಿಲ್-ಮೇ ಗಾಳಿಮಳೆಗೆ ಮನೆ ಮೇಲೇ ಬೀಳಬಹುದು. ಬಲ್ಲವರನ್ನು ಕರೆಸಿ ತೋರಿಸಿ.

ಎಷ್ಟೋ ಸಲ ಒಂದು ಒಣಕೊಂಬೆ ತೆಗೆದರೆ ಸಾಕು, ಅಲ್ವಾ? ಆದರೆ ಒಂದೇ ಏಟಿಗೆ ಕಡಿದರೆ ಕೊಂಬೆಯ ಭಾರಕ್ಕೆ ಕಾಂಡದ ತೊಗಟೆಯೂ ಸೀಳಿಕೊಂಡು ಇಳಿಯುತ್ತದೆ. ಅದಕ್ಕೇ ಗರಗಸದಲ್ಲಿ ಮೂರು ಸಲ ಕೊಯ್ಯಬೇಕು. ಕಾಂಡದಿಂದ ಒಂದಡಿ ದೂರದಲ್ಲಿ, ಕೊಂಬೆಯ ಅಡಿಯಿಂದ ಮೂರನೇ ಒಂದು ಭಾಗ ಕೊಯ್ಯಿರಿ. ಅಲ್ಲಿಂದ ಎರಡು ಅಂಗುಲ ಆಚೆ ಮೇಲಿನಿಂದ ಕೊಯ್ದರೆ ಕೊಂಬೆ ತೊಗಟೆ ಸೀಳದೆ ಬೀಳುತ್ತದೆ. ಉಳಿದ ಮೋಟನ್ನು ಕಾಂಡ ಸೇರುವಲ್ಲಿನ ಉಬ್ಬಿನ ಹೊರಗೆ ಕೊಯ್ಯಿರಿ. ಉಬ್ಬನ್ನು ಮಾತ್ರ ಮುಟ್ಟಬೇಡಿ, ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ. ಟಾರು, ಬಣ್ಣ ಏನೂ ಬೇಡ.

ಇಡೀ ಮರವನ್ನೇ ತೆಗೆಯಬೇಕಾದರೆ ಮೊದಲು ಅನುಮತಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಸ್ವಂತ ಜಾಗದ ಮರಕ್ಕೂ ಅನ್ವಯಿಸುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಅನುಮತಿ ಕೊಡುವ ಅರಣ್ಯಾಧಿಕಾರಿಯಾದ ವೃಕ್ಷ ಅಧಿಕಾರಿಯ ಕಚೇರಿಯಲ್ಲಿ ಕೇಳಿ. ಗೂಡಿನಲ್ಲಿ ಮರಿ ಇದ್ದರೆ ಅವು ಹಾರುವವರೆಗೆ ಕಾಯಿರಿ. ತಂತಿ ಹತ್ತಿರವಿದ್ದರೆ ವಿದ್ಯುತ್ ಕಚೇರಿಗೆ ಹೇಳಿ ಲೈನ್ ತೆಗೆಸದೆ ಯಾರನ್ನೂ ಹತ್ತಿಸಬೇಡಿ. ಕಾಂಪೌಂಡಿನೊಳಗೆ ಮರವನ್ನು ಬುಡಕ್ಕೇ ಕಡಿದು ಉರುಳಿಸುವುದು ಬೇಡ. ಅನುಭವಸ್ಥರಿಂದ ಹಗ್ಗ ಕಟ್ಟಿ, ತುದಿಯಿಂದ ತುಂಡು ತುಂಡಾಗಿ ಇಳಿಸಿ.

ತರಗೆಲೆಗೆ ಬೆಂಕಿ ಹಚ್ಚಬೇಡಿ. ಮೂಲೆಯಲ್ಲಿ ರಾಶಿ ಹಾಕಿ, ಸಗಣಿ ನೀರು ಚಿಮುಕಿಸಿ, ಆಗಾಗ ಮಗುಚುತ್ತಿರಿ. ಮಳೆಗಾಲದಲ್ಲಿ ಹೊಸ ಸಸಿ ನೆಡುವಾಗ ಅದನ್ನೇ ಗುಂಡಿಗೆ ಹಾಕಿ. ಗುಂಡಿ ಮಾತ್ರ ಗೋಡೆಯಿಂದ ದೂರ ಇರಲಿ.