ನಿಮ್ಮ ವಯಸ್ಸಿಗೆ ತಕ್ಕ ತಟ್ಟೆ: ಪೋಷಕಾಂಶದ ಕೋಷ್ಟಕ ನೋಡಿ ಊಟ ಹೊಂದಿಸುವುದು ಹೇಗೆ?

ಎಂಟು ತಿಂಗಳ ಮಗುವಿಗೆ ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣ ಬೇಕು. ಆ ಮಗುವನ್ನು ಎತ್ತಿಕೊಂಡ ಅಪ್ಪನಿಗೆ 8 ಮಿಲಿಗ್ರಾಂ ಸಾಕು. ಮನೆಮಂದಿಯೆಲ್ಲ ಒಂದೇ ಪಾತ್ರೆಯ ಅಡುಗೆ ಉಂಡರೂ ಯಾರಿಗೆ ಏನು ಸಾಲದು ಎಂಬುದು ವಯಸ್ಸಿನ ಪ್ರಕಾರ ಬದಲಾಗುತ್ತದೆ. ‘ಎಲ್ಲವನ್ನೂ ಹಿತಮಿತವಾಗಿ ತಿನ್ನಿ’ ಎಂಬ ಸಲಹೆ ಸರಿಯೇ, ಆದರೆ ಅದನ್ನು ಹಿಡಿದು ಏನನ್ನೂ ಅಳೆಯಲಾಗದು. ಒಂದೊಂದು ವಯಸ್ಸಿನಲ್ಲಿ ಕೈತಪ್ಪುವ ಪೋಷಕಾಂಶಗಳು ಸಾಮಾನ್ಯವಾಗಿ ಎರಡೋ ಮೂರೋ. ಅವನ್ನು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇಲ್ಲಿ ಕೊಟ್ಟಿರುವ ಖನಿಜ ಮತ್ತು ವಿಟಮಿನ್ ಅಂಕಿಗಳು ಅಮೆರಿಕ, ಕೆನಡಾಗಳಲ್ಲಿ ಬಳಸುವ ಕೋಷ್ಟಕದವು. ವಯಸ್ಕರ ಪ್ರೋಟೀನ್, ಉಪ್ಪು, ಸಕ್ಕರೆ, ನಾರಿನ ಅಂಕಿಗಳು ವಿಶ್ವ ಆರೋಗ್ಯ ಸಂಸ್ಥೆಯವು. ನಿಮ್ಮ ದೇಶದ ಕೋಷ್ಟಕ ಸಿಕ್ಕರೆ ಅದನ್ನೇ ಹಿಡಿಯಿರಿ. ಅಂಕಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಲೆಕ್ಕದ ವಿಧಾನ ಒಂದೇ.

ಹಂತ 1: ಕೋಷ್ಟಕವನ್ನು ಸರಿಯಾಗಿ ಓದಿ

‘ಶಿಫಾರಸು ಮಾಡಿದ ಪ್ರಮಾಣ’ ಎಂದರೆ ಆ ವಯಸ್ಸಿನ ಆರೋಗ್ಯವಂತರಲ್ಲಿ 97ರಿಂದ 98 ಶೇಕಡಾ ಮಂದಿಗೆ ಸಾಲುವಷ್ಟು. ಹಾಗಾಗಿ ಒಂದು ದಿನ ಸ್ವಲ್ಪ ಕಡಿಮೆಯಾದರೆ ಕೊರತೆ ಬಂತೆಂದು ಹೆದರಬೇಕಿಲ್ಲ. ಹಲವು ದಿನಗಳ ಸರಾಸರಿ ಆ ಅಂಕಿಯ ಹತ್ತಿರ ಇದ್ದರಾಯಿತು.

ಕ್ಯಾಲರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಹೆಚ್ಚಾದ ವಿಟಮಿನ್ ಸಿ ಮೂತ್ರದಲ್ಲಿ ಹೋಗುತ್ತದೆ, ಹೆಚ್ಚಾದ ಕ್ಯಾಲರಿ ಮೈಯಲ್ಲಿ ಕೊಬ್ಬಾಗಿ ಕೂರುತ್ತದೆ. ಆದ್ದರಿಂದ ಕ್ಯಾಲರಿಯ ಅಂಕಿಯನ್ನು ಆಯಾ ಗುಂಪಿನ ಸರಾಸರಿಗೇ ನಿಲ್ಲಿಸಿರುತ್ತಾರೆ. ನಿಮಗೆ ಅದು ಸರಿಯೋ ಇಲ್ಲವೋ ಎಂಬುದನ್ನು ತೂಕದ ಏರಿಳಿತ ನೋಡಿಯೇ ತಿಳಿಯಬೇಕು. ಕೋಷ್ಟಕದಲ್ಲಿ ‘ಗರಿಷ್ಠ ಮಿತಿ’ಯ ಅಂಕಣವೂ ಇರುತ್ತದೆ, ಮಾತ್ರೆ ನುಂಗುವವರು ಮೊದಲು ನೋಡಬೇಕಾದದ್ದು ಅದನ್ನೇ.

ಹಂತ 2: ತೂಕದಿಂದ ಪ್ರೋಟೀನ್ ಲೆಕ್ಕ ಹಾಕಿ

ವಯಸ್ಕರಿಗೆ ಒಂದು ಕಿಲೋ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ. 55 ಕಿಲೋ ತೂಕದ ಮಹಿಳೆಗೆ ಸುಮಾರು 46 ಗ್ರಾಂ ಆಯಿತು. ಇದನ್ನು ತಟ್ಟೆಗೆ ಇಳಿಸೋಣ: ಅಕ್ಕಿ, ಗೋಧಿ ಸಮಪಾಲಲ್ಲಿ ಸೇರಿ 200 ಗ್ರಾಂನಿಂದ ಸುಮಾರು 18, 60 ಗ್ರಾಂ ಬೇಳೆಯಿಂದ 14, 400 ಮಿಲಿಲೀಟರ್ ಹಾಲು-ಮೊಸರಿನಿಂದ 13. ಒಟ್ಟು 45. ಒಂದು ಮೊಟ್ಟೆ ಅಥವಾ 25 ಗ್ರಾಂ ಕಡಲೆಕಾಯಿ ಸೇರಿದರೆ ಇನ್ನೊಂದು 6 ಗ್ರಾಂ ಬರುತ್ತದೆ. ಆ ಹೆಚ್ಚುವರಿ ಇರಲಿ. 0.83ರ ಅಂಕಿ ಗುಣಮಟ್ಟದ ಪ್ರೋಟೀನಿಗೆ ಹೇಳಿದ್ದು. ಹೆಚ್ಚಿನ ಪಾಲು ಧಾನ್ಯದಿಂದಲೇ ಬರುವ ಊಟದಲ್ಲಿ ತುಸು ಜಾಸ್ತಿಯೇ ಬೇಕಾಗುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಈ ಅಳತೆಗಳೆಲ್ಲ ಬೇಯಿಸುವ ಮೊದಲಿನವು. 100 ಗ್ರಾಂ ಒಣ ಬೇಳೆಯಲ್ಲಿ 22ರಿಂದ 24 ಗ್ರಾಂ ಪ್ರೋಟೀನ್ ಇದ್ದರೆ, ನೀರು ಕುಡಿದು ಬೆಂದ 100 ಗ್ರಾಂ ಬೇಳೆಯಲ್ಲಿ ಇರುವುದು 8-9 ಗ್ರಾಂ. ತೆಳ್ಳಗೆ ಕುದಿಸಿದ ಒಂದು ಬಟ್ಟಲಲ್ಲಿ ಇನ್ನೂ ಕಡಿಮೆ.

ಹಂತ 3: ನಿಮ್ಮ ವಯಸ್ಸಿನ ಕೊರತೆ ಯಾವುದು?

ಹುಟ್ಟಿನಿಂದ ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ವಿಟಮಿನ್ ಡಿ ಮಾತ್ರ ಎದೆಹಾಲಿನಲ್ಲಿ ಕಡಿಮೆ. ದಿನಕ್ಕೆ 10 ಮೈಕ್ರೋಗ್ರಾಂ ಹನಿಯ ರೂಪದಲ್ಲಿ ಕೊಡುವ ಬಗ್ಗೆ ವೈದ್ಯರನ್ನು ಕೇಳಿ.

ಆರನೇ ತಿಂಗಳ ಹೊತ್ತಿಗೆ ಮಗು ಹುಟ್ಟುವಾಗ ತಂದಿದ್ದ ಕಬ್ಬಿಣದ ದಾಸ್ತಾನು ಬರಿದಾಗುತ್ತಾ ಬರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಅತ್ಯಲ್ಪ. ಹಾಗಾಗಿ ಮೊದಲ ತುತ್ತುಗಳಲ್ಲೇ ನುಣ್ಣಗೆ ಬೆಂದ ಬೇಳೆ, ಮೊಟ್ಟೆ, ಮಾಂಸ, ಇಲ್ಲವೇ ಕಬ್ಬಿಣ ಸೇರಿಸಿದ ಹಿಟ್ಟಿನ ಆಹಾರ ಇರಬೇಕು. 6ರಿಂದ 8 ತಿಂಗಳಲ್ಲಿ ದಿನಕ್ಕೆ 2-3 ಸಲ, ಆಮೇಲೆ 3-4 ಸಲ ಉಣಿಸಿ. ಜೊತೆಗೆ ಎದೆಹಾಲು ಎರಡು ವರ್ಷ ಅಥವಾ ಅದಕ್ಕೂ ಮುಂದೆ ನಡೆಯಲಿ. ಬಹುಪಾಲು ಮನೆಗಳಲ್ಲಿ ಆಗುವ ತಪ್ಪು, ಗಂಜಿಯನ್ನು ನೀರಾಗಿ ಮಾಡುವುದು. 8 ಕಿಲೋ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯುವುದು ಸುಮಾರು 240 ಮಿಲಿಲೀಟರ್. ಅದನ್ನು ನೀರೇ ತುಂಬಿದರೆ ಶಕ್ತಿ ಎಲ್ಲಿಂದ ಬರಬೇಕು? ಚಮಚ ಓರೆ ಮಾಡಿದಾಗ ಸರ್ರನೆ ಹರಿದು ಹೋಗದಷ್ಟು ಗಟ್ಟಿ ಇರಲಿ, ಒಂದು ಚಮಚ ಎಣ್ಣೆಯೋ ಬೆಣ್ಣೆಯೋ ಬೆರೆಯಲಿ. ಎರಡು ವರ್ಷದೊಳಗೆ ಜಿಡ್ಡು ಕಡಿತ ಮಾಡಬಾರದು. ವರ್ಷ ತುಂಬುವ ತನಕ ಜೇನುತುಪ್ಪ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಬಾಟುಲಿಸಂ ಬ್ಯಾಕ್ಟೀರಿಯಾದ ಬೀಜಕಗಳು ಮಗುವಿನ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು.

ಒಂದರಿಂದ ಎಂಟು ವರ್ಷದ ಮಕ್ಕಳಲ್ಲಿ ಹಾಲು ಅತಿಯಾಗುವುದೇ ತೊಂದರೆ. ಹಾಲಿನಿಂದ ಹೊಟ್ಟೆ ತುಂಬಿದ ಮಗು ಊಟ ಬಿಡುತ್ತದೆ, ಕಬ್ಬಿಣ ಕುಸಿಯುತ್ತದೆ. ಅರ್ಧ ಲೀಟರಿನ ಆಸುಪಾಸಿಗೆ ನಿಲ್ಲಿಸಿ. ತರಕಾರಿ-ಹಣ್ಣು 2ರಿಂದ 5 ವರ್ಷಕ್ಕೆ ದಿನಕ್ಕೆ 250 ಗ್ರಾಂ, 6ರಿಂದ 9ಕ್ಕೆ 350, ಹತ್ತು ದಾಟಿದ ಮೇಲೆ ದೊಡ್ಡವರಂತೆ 400 ಗ್ರಾಂ.

9ರಿಂದ 18 ವರ್ಷ ಮೂಳೆ ಕಟ್ಟುವ ಕಾಲ. ಕ್ಯಾಲ್ಸಿಯಂ 1300 ಮಿಲಿಗ್ರಾಂ ಬೇಕು, ಜೀವಮಾನದಲ್ಲೇ ಅತಿ ಹೆಚ್ಚು. ಅರ್ಧ ಲೀಟರ್ ಹಾಲಿನಿಂದ 600, ಒಂದು ದೊಡ್ಡ ಬಟ್ಟಲು ಮೊಸರಿನಿಂದ 240, ಒಂದು ದೊಡ್ಡ ಚಮಚ ಸಿಪ್ಪೆ ಸಹಿತ ಎಳ್ಳಿನಿಂದ 85ರ ಸುಮಾರು ಸಿಗುತ್ತದೆ. ಉಳಿದದ್ದು ಸೊಪ್ಪು, ಕಾಳು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನಿನಿಂದ ಬರಬೇಕು. ಪಾಲಕ್ ಸೊಪ್ಪನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ: ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿದಿಟ್ಟು, ಶೇಕಡಾ 5ರಷ್ಟು ಮಾತ್ರ ಮೈಗೆ ಹತ್ತಲು ಬಿಡುತ್ತದೆ. ಹಾಲಿನಲ್ಲಿ ಹೀಗೆ ದಕ್ಕುವ ಪಾಲು 30ರ ಆಸುಪಾಸು. ಮುಟ್ಟು ಶುರುವಾದ ಹುಡುಗಿಯರಿಗೆ ಕಬ್ಬಿಣವೂ ಏರುತ್ತದೆ: 14ರಿಂದ 18ಕ್ಕೆ 15 ಮಿಲಿಗ್ರಾಂ, 19ರಿಂದ 50ರವರೆಗೆ 18.

ಗರ್ಭಧಾರಣೆಯ ಯೋಜನೆ ಇದ್ದರೆ ಫೋಲಿಕ್ ಆಮ್ಲವನ್ನು ಮುಂಚೆಯೇ ಶುರು ಮಾಡಬೇಕು, ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಮೆದುಳು, ಬೆನ್ನುಹುರಿಯಾಗುವ ನರನಾಳ ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ತಾಯಂದಿರಿಗೆ ಗರ್ಭ ನಿಂತ ಸುದ್ದಿ ತಿಳಿಯುವುದೇ ಆ ಹೊತ್ತಿಗೆ. ಗರ್ಭಿಣಿ ಇಬ್ಬರ ಊಟ ಉಣ್ಣಬೇಕಿಲ್ಲ: ಮೊದಲ ಮೂರು ತಿಂಗಳು ದಿನಕ್ಕೆ 85 ಕಿಲೋಕ್ಯಾಲರಿ, ನಡುವಿನ ಮೂರಕ್ಕೆ 285, ಕೊನೆಯ ಮೂರಕ್ಕೆ 475 ಹೆಚ್ಚಾದರೆ ಸಾಕು. ಆದರೆ ಕಬ್ಬಿಣ 27 ಮಿಲಿಗ್ರಾಂ ಬೇಕು, ಅಷ್ಟನ್ನು ಊಟ ಒಂದರಿಂದಲೇ ಪಡೆಯುವುದು ಕಷ್ಟ. ಅದಕ್ಕೇ ವೈದ್ಯರು ಮಾತ್ರೆ ಬರೆಯುತ್ತಾರೆ, ಬಿಡಬೇಡಿ. ಹಾಲೂಡಿಸುವಾಗ ಕಬ್ಬಿಣ 9ಕ್ಕೆ ಇಳಿದು, ಅಯೋಡಿನ್ 290 ಮೈಕ್ರೋಗ್ರಾಂಗೆ ಏರುತ್ತದೆ. ಅಯೋಡಿನ್ ಬೆರೆಸಿದ ಉಪ್ಪನ್ನೇ ಬಳಸಿ.

51ರಿಂದ ಮಹಿಳೆಯರ ಕಬ್ಬಿಣದ ಅಗತ್ಯ 18ರಿಂದ 8ಕ್ಕೆ ಇಳಿಯುತ್ತದೆ, ಕ್ಯಾಲ್ಸಿಯಂ 1000ದಿಂದ 1200ಕ್ಕೆ ಏರುತ್ತದೆ. ಎಪ್ಪತ್ತು ದಾಟಿದವರಿಗೆ ವಿಟಮಿನ್ ಡಿ 15ರಿಂದ 20 ಮೈಕ್ರೋಗ್ರಾಂ ಆಗುತ್ತದೆ. ಹಿರಿಯರ ಹಸಿವು ತಗ್ಗುತ್ತದೆ, ಪ್ರೋಟೀನಿನ ಅಗತ್ಯ ತಗ್ಗುವುದಿಲ್ಲ. ಕಿಲೋಗೆ 1ರಿಂದ 1.2 ಗ್ರಾಂ ಬೇಕೆಂದು ಹಲವು ತಜ್ಞರು ಹೇಳುತ್ತಾರೆ. ರಾತ್ರಿಗೆ ಬರೀ ಗಂಜಿ ಕುಡಿದು ಮಲಗುವವರ ಮಾಂಸಖಂಡ ಬೇಗ ಕರಗುತ್ತದೆ. ಮೂರು ಹೊತ್ತೂ ಹಾಲು, ಬೇಳೆ, ಮೊಟ್ಟೆ, ಮೀನಿನಲ್ಲಿ ಏನಾದರೊಂದು ಇರಲಿ. ಜಠರದ ಆಮ್ಲ ಕಡಿಮೆಯಾಗುವುದರಿಂದ ಆಹಾರದ ಬಿ12 ಹೀರಿಕೊಳ್ಳುವುದೂ ಕುಗ್ಗುತ್ತದೆ. ಮೆಟ್‌ಫಾರ್ಮಿನ್ ಮಾತ್ರೆಯೂ ಬಿ12 ಕುಗ್ಗಿಸಬಲ್ಲದು, ಅದನ್ನು ನುಂಗುವ ಸಕ್ಕರೆ ಕಾಯಿಲೆಯವರು ಬಿ12ರ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಹಂತ 4: ಮೂರು ದಿನ ಬರೆದಿಡಿ

ಎರಡು ಕೆಲಸದ ದಿನ, ಒಂದು ರಜೆಯ ದಿನ. ತಿಂದ ಕೂಡಲೇ ಬರೆಯಿರಿ; ರಾತ್ರಿ ನೆನಪಿಸಿಕೊಂಡು ಬರೆದರೆ ಎಣ್ಣೆ, ಸಕ್ಕರೆ, ನಡುವೆ ಬಾಯಾಡಿದ ತಿಂಡಿ ಬಿಟ್ಟುಹೋಗುತ್ತವೆ. ಆಮೇಲೆ ಮೂರು ದಿನದ ಸರಾಸರಿಯನ್ನು ನಿಮ್ಮ ವಯಸ್ಸಿನ ಅಂಕಿಗಳ ಜೊತೆ ಹೋಲಿಸಿ. ವಯಸ್ಕರ ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ, ಮೀರಬಾರದು. 2000 ಕಿಲೋಕ್ಯಾಲರಿ ಊಟದಲ್ಲಿ ಸಕ್ಕರೆ 50 ಗ್ರಾಂ ಮೀರಬಾರದು, 25ಕ್ಕೆ ಇಳಿದರೆ ಇನ್ನೂ ಒಳ್ಳೆಯದು; ಹಣ್ಣಿನ ರಸ, ಜೇನುತುಪ್ಪವೂ ಈ ಲೆಕ್ಕಕ್ಕೆ ಸೇರುತ್ತವೆ. ನಾರು ಕನಿಷ್ಠ 25 ಗ್ರಾಂ.

ಹಂತ 5: ತಿಂದದ್ದು ಮೈಗೆ ಹತ್ತುವಂತೆ ಮಾಡಿ

ಕಾಳು, ಸೊಪ್ಪಿನ ಕಬ್ಬಿಣ ಮಾಂಸದ್ದಕ್ಕಿಂತ ಕಡಿಮೆ ದಕ್ಕುತ್ತದೆ. ಅದಕ್ಕೇ ಸಸ್ಯಾಹಾರಿಗಳು ಕೋಷ್ಟಕದ ಕಬ್ಬಿಣವನ್ನು 1.8ರಿಂದ ಗುಣಿಸಿಕೊಳ್ಳಬೇಕು. ಅದೇ ಊಟದಲ್ಲಿ ನಿಂಬೆರಸ, ಟೊಮೆಟೊ, ಕಿತ್ತಳೆ ಇದ್ದರೆ ಹೀರುವಿಕೆ ಹೆಚ್ಚುತ್ತದೆ. ವಿಟಮಿನ್ ಸಿ ಬಿಸಿಗೆ ಹಾಳಾಗುವುದರಿಂದ ನಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಕಾಫಿ, ಟೀ ಊಟದಿಂದ ಒಂದು ಗಂಟೆ ದೂರವಿರಲಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಂದೇ ಹೊತ್ತಿಗೆ ಬೇಡ. ಕಾಳು ನೆನೆಸಿ ಮೊಳಕೆ ಬರಿಸಿದರೆ, ಹಿಟ್ಟು ಹುದುಗಿಸಿದರೆ, ಖನಿಜಗಳನ್ನು ಹಿಡಿದಿಡುವ ಫೈಟೇಟ್ ಇಳಿಯುತ್ತದೆ.

ಎರಡು ಮೂರು ಬಗೆಯ ಮಾತ್ರೆ ನುಂಗುವವರು ಚೀಟಿ ಓದಿ ಒಟ್ಟು ಕೂಡಿಸಿ. ವಯಸ್ಕರಿಗೆ ಕಬ್ಬಿಣದ ಗರಿಷ್ಠ ಮಿತಿ 45 ಮಿಲಿಗ್ರಾಂ, ವಿಟಮಿನ್ ಡಿ 100 ಮೈಕ್ರೋಗ್ರಾಂ; ವೈದ್ಯರು ಚಿಕಿತ್ಸೆಗೆ ಬರೆದದ್ದು ಬೇರೆ. ರೆಟಿನಾಲ್ ರೂಪದ ವಿಟಮಿನ್ ಎ 3000 ಮೈಕ್ರೋಗ್ರಾಂ ಮೀರಿದರೆ ಭ್ರೂಣಕ್ಕೆ ಅಪಾಯ, ಹಾಗಾಗಿ ಅದು ಹೇರಳವಾಗಿರುವ ಪ್ರಾಣಿಗಳ ಯಕೃತ್ತನ್ನು ಗರ್ಭಿಣಿಯರು ತಿನ್ನದಿರುವುದೇ ಸುರಕ್ಷಿತ. ಕಬ್ಬಿಣದ ಮಾತ್ರೆಯ ಡಬ್ಬಿ ಮಕ್ಕಳ ಕೈಗೆ ಸಿಗಲೇಬಾರದು. ಒಂದು ಹಿಡಿ ನುಂಗಿದರೂ ಪ್ರಾಣಕ್ಕೆ ಸಂಚಕಾರ.

ಈ ಕೋಷ್ಟಕ ಆರೋಗ್ಯವಂತರಿಗೆ. ಮೂತ್ರಪಿಂಡದ ಕಾಯಿಲೆ ಇದ್ದವರ ಪ್ರೋಟೀನ್, ಉಪ್ಪು, ಪೊಟ್ಯಾಸಿಯಂ ಲೆಕ್ಕವನ್ನು ವೈದ್ಯರೇ ಹಾಕಬೇಕು. ಉಳಿದವರು ತಮ್ಮ ಸಾಲನ್ನು 9, 14, 19, 51, 71 ತುಂಬಿದಾಗ ಬದಲಿಸಿಕೊಂಡು, ಮತ್ತೆ ಮೂರು ದಿನ ಬರೆದು ನೋಡಿ.