ಮರಿ ಗೋಸುಂಬೆ ತಾನಾಗಿ ಕೈಗೆ ಬಂದದ್ದು

ಧಾರವಾಡದ ನಮ್ಮ ಮನೆಗೆ ಯಾರೇ ಬಂದರೂ ನಾನು ಸಾಕಿದ ಗೋಸುಂಬೆ ನೋಡಿ ಕೇಳುವುದು ಒಂದೇ: "ಒಮ್ಮೆ ಕೈಯಾಗ ಕೊಡ್ರೀ, ನೋಡೂಣು." ನಾನು ಕೊಡುವುದಿಲ್ಲ. ಇದಕ್ಕೆ ಮುನಿಸಿಕೊಂಡ ನೆಂಟರೂ ಇದ್ದಾರೆ.

ಇದು ನಮ್ಮ ಹೊಲದ ಬದುವಿನಲ್ಲಿ ಸಿಗುವ ಗೋಸುಂಬೆ ಅಲ್ಲ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ನನ್ನದು ವೇಲ್ಡ್ ಕಮೇಲಿಯನ್, ಯೆಮನ್ ಮತ್ತು ಸೌದಿ ಕಡೆಯ ಜಾತಿ. ಸಾಕಿದವರ ಬಳಿಯೇ ಹುಟ್ಟಿದ ಮರಿ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಯೂ ಆಗಿದೆ.

ತಂದ ಹೊಸದರಲ್ಲಿ ಅದನ್ನು ಮುಟ್ಟಲೇ ಇಲ್ಲ. ಎಲೆಗಳ ಮೇಲೆ ನೀರು ಸಿಂಪಡಿಸುವುದು, ಹುಳ ಬಿಡುವುದು, ಬಾಗಿಲು ಹಾಕುವುದು, ಅಷ್ಟೇ. ಜಾಲರಿ ಪಂಜರವನ್ನು ನನ್ನ ತಲೆಗಿಂತ ಎತ್ತರಕ್ಕೆ ಇಟ್ಟೆ. ಮರಿಯ ಲೆಕ್ಕದಲ್ಲಿ ಮೇಲಿನಿಂದ ಬರುವುದೆಲ್ಲ ಹದ್ದೇ. ಒಳಗೆ ದಾಸವಾಳದ ಗಿಡ, ಮನಿ ಪ್ಲಾಂಟ್ ಬಳ್ಳಿ ದಟ್ಟವಾಗಿ ತುಂಬಿಸಿದೆ. ಅಡಗಲು ಜಾಗ ಜಾಸ್ತಿ ಇದ್ದರೆ ಮರಿ ಧೈರ್ಯವಾಗಿ ಹೊರಗೆ ಬರುತ್ತದೆ. ಎದುರಿನ ಬೀರುವಿನ ಕನ್ನಡಿಗೆ ಹಳೆ ಸೀರೆ ಹೊದಿಸಿದೆ. ತನ್ನದೇ ಬಿಂಬವನ್ನು ಇನ್ನೊಂದು ಗೋಸುಂಬೆ ಅಂದುಕೊಂಡು ಕಂಗಾಲಾಗುತ್ತದೆ, ಪಾಪ.

ಬಣ್ಣ ನೋಡಿ ಸಿಟ್ಟು, ಭಯ ಹೇಳಬಹುದು ಅಂತಾರಲ್ವಾ? ಅರ್ಧ ನಿಜ. ಡಿಸೆಂಬರ್‌ನ ಚಳಿಗೆ ಬೆಳಿಗ್ಗೆ ನಮ್ಮ ಮರಿ ಕಪ್ಪಗೇ ಇರುತ್ತದೆ. ಅದು ಬಿಸಿ ಹೀರಿಕೊಳ್ಳಲು. ಬಲ್ಬಿನ ಕೆಳಗೆ 29–30 ಡಿಗ್ರಿ ಸಿಕ್ಕ ಮೇಲೆ ತಿಳಿ ಹಸಿರಿಗೆ ತಿರುಗುತ್ತದೆ. ಬೆಚ್ಚಗಿದ್ದೂ ಕಪ್ಪಾದರೆ, ಮೈ ಚಪ್ಪಟೆ ಮಾಡಿ ಬಾಯಿ ತೆರೆದು ಬುಸ್ ಅಂದರೆ, ಆಗ ಹೆದರಿದೆ ಅಂತ ಅರ್ಥ. ಕೊಂಬೆಯ ಹಿಂದೆ ಸರಿದು ಒಂದೇ ಕಣ್ಣಿನಲ್ಲಿ ಇಣುಕಿದರೂ ನಾನು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಆಮೇಲೆ ಬೆರಳಲ್ಲಿ ಹುಳ ಹಿಡಿದು ಸುಮ್ನೆ ನಿಲ್ಲತೊಡಗಿದೆ. ಕೈ ಕೆಳಗಿನಿಂದ, ಎದುರಿನಿಂದ, ಕೊಂಬೆಯ ಮಟ್ಟಕ್ಕೆ. ಮೊದಮೊದಲು ಬರೀ ನಾಲಿಗೆ ಬಂತು. ಒಂದು ದಿನ ಮುಂಗಾಲು ಗಾಳಿಯಲ್ಲಿ ತೂಗಾಡಿ, ನನ್ನ ತೋರುಬೆರಳನ್ನು ಇಕ್ಕಳದ ಹಾಗೆ ಹಿಡಿದುಕೊಂಡಿತು. ಆ ಕಾಲಲ್ಲಿ ಬೆರಳುಗಳು ಎರಡು ಗುಂಪು, ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು. ಬಾಲ ಮಾತ್ರ ಕೊಂಬೆ ಬಿಡಲಿಲ್ಲ. ಎಳೆಯಬಾರದು, ಉಗುರು ಕಿತ್ತುಹೋದೀತು. ಅದಕ್ಕೂ ನಂಬಿಕೆ ಬಂದಾಗ ಬಾಲವೂ ಬಂತು.

ಪ್ರೀತಿಗೆ ಬರುತ್ತದೆ ಅಂತ ನಾನು ನಂಬಿಲ್ಲ. ಸಹಿಸಿಕೊಳ್ಳುತ್ತದೆ, ಅಷ್ಟು ಸಾಕು. ಕೆಲವೇ ನಿಮಿಷ ಬಿಟ್ಟು ಗಿಡಕ್ಕೆ ವಾಪಸ್. ಪೊರೆ ಬಿಡುವಾಗ, ರಾತ್ರಿ ಮಲಗಿದಾಗ ಮುಟ್ಟುವ ಮಾತೇ ಇಲ್ಲ. ಹಗಲಲ್ಲಿ ಕಣ್ಣು ಮುಚ್ಚಿ ಕೂತರೆ ಅದನ್ನು ಸಾಧುತನ ಅಂದುಕೊಳ್ಳಬೇಡಿ, ಅದು ಕಾಯಿಲೆಯ ಲಕ್ಷಣ. ಹಿಕ್ಕೆಯ ಬಿಳಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ನೀರು ಸಾಲುತ್ತಿಲ್ಲ. ಸಿಂಪಡಿಸುವ ಹೊತ್ತು ಹೆಚ್ಚಿಸಿ, ಸರೀಸೃಪ ನೋಡುವ ಪಶುವೈದ್ಯರಿಗೆ ತೋರಿಸಿ.