ಮನೆಯಲ್ಲೇ ಬಲವರ್ಧನೆಯ ವ್ಯಾಯಾಮ: ಸಿದ್ಧತೆಯ ಬಗೆ

ಬಲ ಬೆಳೆಸುವ ವ್ಯಾಯಾಮಕ್ಕೆ ಚಾಪೆ ಹಾಸಿ ಕೈಚಾಚಿ ಮಲಗುವಷ್ಟು ಜಾಗ ಸಾಕು. ನೆಲ ಮಾತ್ರ ಜಾರಬಾರದು. ನಮ್ಮ ಗರಡಿಮನೆಗಳ ದಂಡ, ಬಸ್ಕಿಗಳು ಎದೆ, ತೋಳು, ತೊಡೆಗಳನ್ನು ಚೆನ್ನಾಗಿ ದುಡಿಸುತ್ತವೆಯಾದರೂ ಬೆನ್ನಿಗೆ ಎಳೆಯುವ ಕೆಲಸವೂ ಬೇಕು, ಮನೆಯಲ್ಲಿ ಹೆಚ್ಚಿನವರು ಮರೆಯುವುದು ಇದನ್ನೇ.

ಇದಕ್ಕಾಗಿ ಗಟ್ಟಿ ಹೊಲಿಗೆಯ ಹಳೆಯ ಶಾಲಾಚೀಲವೊಂದರಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿಗಳನ್ನು ತುಂಬಿರಿ. ಲೀಟರಿಗೆ 1 ಕಿಲೋ ಎಂಬ ಲೆಕ್ಕವಿರುವುದರಿಂದ ತಕ್ಕಡಿ ಬೇಕಿಲ್ಲ. ಅವು ಅಲುಗಾಡದಂತೆ ನಡುವೆ ಹಳೆಯ ಟವೆಲ್ ತುರುಕಿರಿ. ಸೊಂಟದಿಂದ ಮುಂದಕ್ಕೆ ಬಾಗಿ, ಬೆನ್ನನ್ನು ನೇರವಾಗಿರಿಸಿ, ಚೀಲವನ್ನು ಹೊಟ್ಟೆಯ ಕಡೆಗೆ ಎಳೆದು ನಿಧಾನವಾಗಿ ಇಳಿಸಬೇಕು. ದಂಡ ಕಷ್ಟವೆನಿಸಿದವರು ಗೋಡೆಗೋ ಅಡುಗೆಮನೆಯ ಕಟ್ಟೆಗೋ ಕೈಯೂರಿ ಆರಂಭಿಸಬಹುದು.

ವಾರಕ್ಕೆ 3 ದಿನ, ನಡುವೆ ಒಂದೊಂದು ದಿನ ಬಿಡುವು ಕೊಟ್ಟು, ಪ್ರತಿಯೊಂದನ್ನೂ 8ರಿಂದ 12 ಸಲದಂತೆ 2 ಅಥವಾ 3 ಸುತ್ತು ಮಾಡಿರಿ. 12 ಸಲ ಸಲೀಸಾಗಿ ಮುಗಿದರೆ ಇನ್ನೊಂದು ಬಾಟಲಿ ಸೇರಿಸಿರಿ; ಉಸಿರು ಬಿಗಿಹಿಡಿಯಬೇಡಿರಿ. ರಕ್ತದೊತ್ತಡ, ಮಂಡಿನೋವು ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಡಂಬೆಲ್ ಖರೀದಿಯನ್ನು ಮೂರು ತಿಂಗಳಾದರೂ ಮುಂದೂಡುವುದು ಲೇಸು. ಬಟ್ಟೆ ಒಣಹಾಕುವ ಗೂಟವಾಗಿ ನಿಂತ ವ್ಯಾಯಾಮ ಯಂತ್ರಗಳನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.